ಹಳೆಯ ವಿಡಿಯೋ ಆಟಗಳಿಗೆ ಇಂದು ನಿಜವಾದ ಬೇಡಿಕೆಯುಂಟೆ? ಶಿವಮೊಗ್ಗ–ಭದ್ರಾವತಿಗಳನ್ನು ಕುರಿತು ಒಂದು ವಿಚಾರ

ವಿಡಿಯೋ ಆಟಗಳ ವಿಷಯವು ಇತಿಹಾಸದ ಸಂಚಿಕೆಯಲ್ಲಿ ಸ್ಥಾನ ಪಡೆಯುವುದು ಕೆಲವು ವಾಚಕರಿಗೆ ಸೋಜಿಗವಾಗಿ ತೋರಬಹುದು. ಆದರೆ ಜಪಾನಿನ ನಿಂಟೆಂಡೊ ಸಂಸ್ಥೆಯು ‘ಫ್ಯಾಮಿಕಾಮ್’ ಯಂತ್ರವನ್ನು ಮಾರುಕಟ್ಟೆಗೆ ತಂದುದು 1983ರಲ್ಲಿ. ಅದನ್ನಾಡಿ ಬೆಳೆದ ಮಕ್ಕಳು ಈಗ ನಡುವಯಸ್ಸಿನವರು. ಅಂತಹ ಆಟಗಳನ್ನು ಮತ್ತೆ ಆಡಬೇಕೆಂಬ ಅಪೇಕ್ಷೆ ಜಗತ್ತಿನಾದ್ಯಂತ ಹಬ್ಬಿದೆಯೆಂಬ ಮಾತು ಆಗಾಗ ಕೇಳಿಬರುತ್ತದೆ. ಈ ಮಾತು ಎಷ್ಟರಮಟ್ಟಿಗೆ ದಿಟ, ನಮ್ಮ ಶಿವಮೊಗ್ಗ–ಭದ್ರಾವತಿಗಳಂತಹ ಊರುಗಳ ಮಟ್ಟಿಗೆ ಅದಕ್ಕೆ ಏನರ್ಥ ಎಂಬುದನ್ನು ವಿಚಾರ ಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ‘ಬೇಡಿಕೆ’ ಎಂಬ ಪದವನ್ನೇ ಪರಿಶೀಲಿಸಬೇಕು. ವಸ್ತುವನ್ನು ಹೊಂದಬೇಕೆಂಬ ಆಸೆ ಬೇರೆ, ಅದನ್ನು ಬಳಸಬೇಕೆಂಬ ಆಸೆ ಬೇರೆ. ವ್ಯಾಪಾರಿಯ ಲೆಕ್ಕಪುಸ್ತಕದಲ್ಲಿ ಇವೆರಡೂ ಒಂದೇ, ಇತಿಹಾಸಕಾರನಿಗೆ ಒಂದಾಗಲಾರವು. ಇದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯೆಂಬ ಭಾಗದಲ್ಲಿ ಗಂಜೀಫಾ ಎಲೆಗಳ ವರ್ಣನೆಯಿದೆ, ಆ ಬಗೆಗಳಲ್ಲಿ ಮುನ್ನೂರಕ್ಕೂ ಮಿಕ್ಕಿದ ಎಲೆಗಳುಳ್ಳವೂ ಉಂಟು. ಇಂದು ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ, ಚಿತ್ರಕಾರರಿದ್ದಾರೆ, ಕೊಳ್ಳುವವರೂ ಇದ್ದಾರೆ. ಆದರೆ ಕೊಂಡವರು ಅವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಸುವುದೇ ಹೆಚ್ಚು. ಎಲೆ ಹಂಚಿ ಆಡಲು ಕೂರುವವರು ವಿರಳ. ಇತ್ತ ಎರಡು ಸಾಲಿಗೆ ಏಳೇಳು ಗುಳಿಗಳಿರುವ ಅಳಗುಳಿಮಣೆಗೆ ಯಾವ ಅರಮನೆಯ ಆಶ್ರಯವೂ ಬೇಕಾಗಿರಲಿಲ್ಲ. ಒಂದು ಹಿಡಿ ಹುಣಿಸೆಬೀಜ, ಎದುರಿಗೆ ಕುಳಿತುಕೊಳ್ಳಲು ಒಬ್ಬರು, ಮಳೆಗಾಲದ ಒಂದು ಮಧ್ಯಾಹ್ನ, ಇಷ್ಟಿದ್ದರೆ ಸಾಕು. ಮಲೆನಾಡಿನ ಮನೆಗಳಲ್ಲಿ ಅದು ಉಳಿದುದು ಈ ಕಾರಣದಿಂದಲೇ. ಮೊದಲನೆಯದಕ್ಕೆ ಬೆಲೆಯಿದೆ, ಎರಡನೆಯದಕ್ಕೆ ಬಳಕೆಯಿದೆ.

ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ವಿಡಿಯೋ ಆಟಗಳ ಕಡೆಗೆ ತಿರುಗೋಣ. ನಮ್ಮ ದೇಶಕ್ಕೆ ಇವು ಬಹುಮಟ್ಟಿಗೆ 1990ರ ದಶಕದಲ್ಲಿ ಬಂದವು. ‘ಸಮುರಾಯ್’ ಎಂಬ ಹೆಸರಿನಲ್ಲಿ ನಿಂಟೆಂಡೊ ಯಂತ್ರವೇ ಮಾರಾಟವಾದುದುಂಟು. ಆದರೆ ಸಾಮಾನ್ಯ ಕುಟುಂಬಗಳು ಕಂಡುದು ಫ್ಯಾಮಿಕಾಮ್‌ನ ಅಗ್ಗದ ಅನುಕರಣೆಗಳನ್ನು. ಅವುಗಳೊಡನೆ ಬರುತ್ತಿದ್ದ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳಿವೆಯೆಂದು ಅಚ್ಚಾಗಿರುತ್ತಿತ್ತು. ವಾಸ್ತವವಾಗಿ ಹತ್ತಿಪ್ಪತ್ತು ಆಟಗಳೇ ಬೇರೆ ಬೇರೆ ಹೆಸರುಗಳಲ್ಲಿ ಪುನರಾವೃತ್ತಿಯಾಗುತ್ತಿದ್ದವು. ಈ ವಂಚನೆಯನ್ನು ಕಂಡುಹಿಡಿಯಲು ಹುಡುಗರಿಗೆ ಒಂದು ಸಂಜೆ ಸಾಕಾಗುತ್ತಿತ್ತು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’, 1988ರಲ್ಲಿ ಈ ಯಂತ್ರಕ್ಕೆ ಬಂದ ‘ಕಾಂಟ್ರಾ’, ಬಾತುಕೋಳಿ ಹೊಡೆಯುವ ‘ಡಕ್ ಹಂಟ್’, ಇವು ಇಂಗ್ಲಿಷ್ ಓದಲು ಬಾರದ ಮಕ್ಕಳಿಗೂ ಪರಿಚಿತವಾದವು.

ಭದ್ರಾವತಿಯಂತಹ ಊರಿನಲ್ಲಿ ಇದಕ್ಕೆ ಅನುಕೂಲವಾದ ಸಾಮಾಜಿಕ ನೆಲೆಯೊಂದಿತ್ತೆಂಬುದನ್ನು ಗಮನಿಸತಕ್ಕದ್ದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆ, ಇವೆರಡರ ಸುತ್ತ ನ್ಯೂಟೌನ್ ಮತ್ತು ಪೇಪರ್ ಟೌನ್ ಎಂಬ ವಸತಿಗಳು ಬೆಳೆದವು. ತಿಂಗಳ ಸಂಬಳ, ಸಾಲಾಗಿ ಕಟ್ಟಿದ ಕ್ವಾರ್ಟರ್ಸ್‌ಗಳು, ಒಂದೇ ವಯಸ್ಸಿನ ಮಕ್ಕಳು: ಇಂತಹ ಕೇರಿಯಲ್ಲಿ ಒಂದು ಮನೆಗೆ ಬಂದ ಯಂತ್ರವು ಕೇರಿಗೆಲ್ಲ ಬಂದಂತೆಯೇ. ಆಡುವ ಕೈಗಳು ಇಬ್ಬರವಾದರೂ ನೋಡುವ ಕಣ್ಣುಗಳು ಹಲವರವು. ಯಂತ್ರ ಕೊಳ್ಳಲಾರದವರಿಗೆ ಗಂಟೆಯ ಲೆಕ್ಕದಲ್ಲಿ ಆಡಿಸುವ ಅಂಗಡಿಗಳು ಕರ್ನಾಟಕದ ಪಟ್ಟಣಗಳಲ್ಲಿ ಆಗ ಇದ್ದವು.

ಇಂದಿನ ಬೇಡಿಕೆಗೆ ಸಾಕ್ಷ್ಯವಾಗಿ ಸಾಮಾನ್ಯವಾಗಿ ಎತ್ತಿ ತೋರಿಸುವುದು ಮಾರಾಟದ ಅಂಕಿಗಳನ್ನು. ನಿಂಟೆಂಡೊ ಸಂಸ್ಥೆಯು 2016ರ ನವೆಂಬರಿನಲ್ಲಿ 30 ಹಳೆಯ ಆಟಗಳನ್ನು ಅಡಕಮಾಡಿ ಹೊರತಂದ ಕಿರುಯಂತ್ರವು ಕೆಲವೇ ತಿಂಗಳುಗಳಲ್ಲಿ 20 ಲಕ್ಷಕ್ಕಿಂತ ಹೆಚ್ಚು ಖರ್ಚಾಯಿತು. 2024ರ ಏಪ್ರಿಲಿನಲ್ಲಿ ಆಪಲ್ ಸಂಸ್ಥೆ ಹಳೆಯ ಯಂತ್ರಗಳನ್ನು ಅನುಕರಿಸುವ ತಂತ್ರಾಂಶಗಳಿಗೆ ತನ್ನ ಫೋನುಗಳಲ್ಲಿ ಎಡೆಗೊಟ್ಟಾಗ, ‘ಡೆಲ್ಟಾ’ ಎಂಬುದು ಅಮೆರಿಕದಲ್ಲಿ ಉಚಿತ ತಂತ್ರಾಂಶಗಳ ಪಟ್ಟಿಯ ತುದಿಗೇರಿತು. ಇವು ಅಲಕ್ಷಿಸತಕ್ಕ ಸಂಗತಿಗಳಲ್ಲ. ಆದರೆ ಕೊಂಡ ಯಂತ್ರ ಮೂರನೆಯ ವಾರದಲ್ಲಿಯೂ ಟಿ.ವಿ.ಯ ಮುಂದೆಯೇ ಇತ್ತೆ, ಕಪಾಟು ಸೇರಿತೆ ಎಂಬ ಪ್ರಶ್ನೆಗೆ ಈ ಅಂಕಿಗಳಲ್ಲಿ ಉತ್ತರವಿಲ್ಲ. ಗಂಜೀಫಾದ ಗತಿಯೇ ಇದಕ್ಕೂ ಆಗಿರಬಹುದು. ಇನ್ನೊಂದು ಕಡೆ, 2010ಕ್ಕಿಂತ ಮೊದಲು ಅಮೆರಿಕದಲ್ಲಿ ಪ್ರಕಟವಾದ ಆಟಗಳಲ್ಲಿ ಶೇಕಡ 87ರಷ್ಟು ಈಗ ಕ್ರಮವಾಗಿ ಕೊಳ್ಳಲು ಸಿಗುವುದಿಲ್ಲವೆಂದು 2023ರಲ್ಲಿ ಅಲ್ಲಿನ ವಿಡಿಯೋ ಆಟಗಳ ಇತಿಹಾಸ ಪ್ರತಿಷ್ಠಾನವು ತೋರಿಸಿತು. ಅಂಗಡಿಯಲ್ಲಿಲ್ಲದ ಸರಕಿಗೆ ಬೇಡಿಕೆಯಿಲ್ಲವೆಂದು ಹೇಳುವುದೂ ನ್ಯಾಯವಲ್ಲ.

ಇದಕ್ಕೆ ಸರಿಯಾದ ಒರೆಗಲ್ಲು ನೆನಪಿಲ್ಲದವರು ಎಂದು ನನಗೆ ತೋರುತ್ತದೆ. 1990ರ ದಶಕವನ್ನು ಕಾಣದ ವಿದ್ಯಾರ್ಥಿಯೊಬ್ಬ ಹಳೆಯ ಆಟವನ್ನು ತಾನಾಗಿ ಎರಡನೆಯ ದಿನವೂ ಆಡಿದರೆ ಅದು ಆಟಕ್ಕಿರುವ ಬೇಡಿಕೆ. ಅವನ ತಂದೆ ಆಡಿದರೆ ಅದರಲ್ಲಿ ಬಾಲ್ಯಕ್ಕಿರುವ ಬೇಡಿಕೆ ಎಷ್ಟೋ ಪಾಲು ಬೆರೆತಿರುತ್ತದೆ. ಈ ಒರೆಗೆ ನಿಲ್ಲತಕ್ಕವು ಕೆಲವೇ. 1984ರಲ್ಲಿ ಮಾಸ್ಕೋದಲ್ಲಿ ಪಾಜಿಟ್ನೋವ್ ರಚಿಸಿದ ‘ಟೆಟ್ರಿಸ್’ ನಿಲ್ಲುತ್ತದೆ. 1997ರಿಂದ ನೋಕಿಯಾ ಫೋನುಗಳಲ್ಲಿ ಹರಿದಾಡಿದ ಹಾವಿನ ಆಟ ನಿಲ್ಲುತ್ತದೆ. ಅಳಗುಳಿಮಣೆಯಂತೆ ಇವುಗಳ ನಿಯಮಗಳು ಒಂದು ನಿಮಿಷದಲ್ಲಿ ತಿಳಿಯುತ್ತವೆ, ಪ್ರಾವೀಣ್ಯ ಮಾತ್ರ ಬೇಗ ಬಾರದು. ‘ಕಾಂಟ್ರಾ’ದ ವಿಷಯ ಬೇರೆ. ಅದು ಪಕ್ಕದಲ್ಲಿ ಜೊತೆಗಾರನಿದ್ದರೆ ರುಚಿಸುವ ಆಟ. ಫೋನಿನ ಮೇಲೆ ಒಬ್ಬನೇ ಆಡುವವನಿಗೆ ಅದರ ಅರ್ಧ ಮಾತ್ರ ದಕ್ಕುತ್ತದೆ. ಆದುದರಿಂದ ಬೇಡಿಕೆ ನಿಜವಾದದ್ದೇ, ಆದರೆ ಕಿರಿದು. ಅದರಲ್ಲಿಯೂ ಒಂದು ಪಾಲು ಆಟಕ್ಕಲ್ಲ, ಒಟ್ಟಿಗೆ ಕೂರುವುದಕ್ಕೆ.

ಇಲ್ಲಿ ಒಂದು ತುರ್ತಿನ ವಿಷಯವಿದೆ. ಕಾಗದದ ಕಾರ್ಖಾನೆಯ ಉತ್ಪಾದನೆ 2015ರ ಸುಮಾರಿಗೆ ನಿಂತಿತು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಆರಂಭದಲ್ಲಿ ಹೊರಬಿದ್ದು ಕಾರ್ಮಿಕರ ಪ್ರತಿಭಟನೆಗೆ ಕಾರಣವಾಯಿತು. ಮನೆಗಳು ತೆರವಾದಾಗ ಪಾತ್ರೆ, ಪಟ, ಪುಸ್ತಕಗಳನ್ನು ಜನ ಕೊಂಡೊಯ್ಯುತ್ತಾರೆ, ಹಳೆಯ ಟಿ.ವಿ., ಅದರೊಡನೆ ಕ್ಯಾಸೆಟ್ಟಿನ ಡಬ್ಬಿ, ಗುಜರಿಗೆ ಹೋಗುತ್ತವೆ. ಕ್ಯಾಸೆಟ್ಟು ಉಳಿದರೂ ಟಿ.ವಿ. ಹೋದರೆ ನಷ್ಟವೇ. ‘ಡಕ್ ಹಂಟ್’ನ ಬಂದೂಕು ಗುಂಡು ಹಾರಿಸುವುದಿಲ್ಲ, ಬೆಳಕನ್ನು ನೋಡುತ್ತದೆ. ಕುದುರೆ ಒತ್ತಿದೊಡನೆ ಪರದೆ ಕ್ಷಣಮಾತ್ರ ಕಪ್ಪಾಗಿ ಬಾತುಕೋಳಿಯ ಸ್ಥಾನದಲ್ಲಿ ಬಿಳಿಯ ಚೌಕ ಮೂಡುತ್ತದೆ. ಅದನ್ನು ಬಂದೂಕು ಕಂಡರೆ ಗುರಿ ತಾಗಿತೆಂದು ಲೆಕ್ಕ. ಕೊಳವೆಯ ಟಿ.ವಿ.ಯಲ್ಲಿ ಚಿತ್ರವು ತಡವಿಲ್ಲದೆ ಮೂಡುವುದರಿಂದ ಈ ಉಪಾಯ ನಡೆಯುತ್ತಿತ್ತು. ಈಗಿನ ಚಪ್ಪಟೆ ಪರದೆಗಳಲ್ಲಿ ಚಿತ್ರ ತುಸು ತಡವಾಗುವುದರಿಂದ ಆ ಬಂದೂಕಿಗೆ ಏನೂ ಕಾಣುವುದಿಲ್ಲ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಶಿಲ್ಪಗಳನ್ನು ಇರಿಸಿರುವಂತೆ ಇವನ್ನು ಇರಿಸುವುದು ಸಾಧ್ಯ, ಆದರೆ ಸಾಲದು. ಶಿಲ್ಪವನ್ನು ನೋಡಿದರೆ ತಿಳಿಯುತ್ತದೆ, ಆಟವನ್ನು ಆಡಿದರೆ ಮಾತ್ರ ತಿಳಿಯುತ್ತದೆ. ಶಂಕರಘಟ್ಟದ ವಿಶ್ವವಿದ್ಯಾನಿಲಯದಿಂದ ಭದ್ರಾವತಿ ದೂರವೇನಲ್ಲ. ವಿದ್ಯಾರ್ಥಿಗಳು ತೆರವಾಗುತ್ತಿರುವ ಮನೆಗಳಿಗೆ ಹೋದಾಗ ಯಂತ್ರವನ್ನು ಯಾವಾಗ ಕೊಂಡಿರಿ ಎಂದು ಕೇಳಿದರೆ ಸಾಲದು. ಯಾರ ಜೊತೆ ಆಡುತ್ತಿದ್ದಿರಿ, ಟಿ.ವಿ. ಯಾವುದಿತ್ತು, ಕೊನೆಯ ಬಾರಿ ಆಡಿದ್ದು ಯಾವಾಗ ಎಂಬುದನ್ನೂ ಬರೆದುಕೊಳ್ಳಬೇಕು.