ಮೊದಲ ಕರೆಂಟ್ ಯಾರಿಗೆ ಹೋಯ್ತು?

1/7

ಹೋದ ತಿಂಗಳು ನಾನು ಸ್ಟೋರಿಗೆ ಹಾಕಿದ್ದ ರೀಲ್ ನಿಮ್ಮಲ್ಲಿ ತುಂಬಾ ಜನ ನೋಡಿರ್ತೀರ. ಸಿಟಿ ಮಾರ್ಕೆಟ್‌ನ ಹಳೇ ಫೋಟೋ, ಹಿಂದೆ ಮಾಸ್ ಮ್ಯೂಸಿಕ್, ಮೇಲೆ ದಪ್ಪ ಅಕ್ಷರದಲ್ಲಿ "ಏಷ್ಯಾದಲ್ಲೇ ಮೊದಲು ಕರೆಂಟ್ ಕಂಡ ಊರು ನಮ್ಮ ಬೆಂಗಳೂರು". ನಮ್ಮ ಕ್ಲಾಸಿನ ಅರ್ಧ ಜನ ಬೆಂಕಿ ಎಮೋಜಿ ಕಳಿಸಿದ್ರಿ. ನಂಗೂ ಹೆಮ್ಮೆ ಆಗಿತ್ತು, ಸುಳ್ಳು ಹೇಳಲ್ಲ.

ರಾತ್ರಿ ಅದನ್ನ ಅಜ್ಜಿಗೆ ತೋರಿಸ್ದೆ. ಅಜ್ಜಿ ಮಳವಳ್ಳಿ ತಾಲೂಕಿನವರು. ಶಿವನಸಮುದ್ರದಲ್ಲಿ ಪವರ್‌ಹೌಸ್ ಇರೋ ಜಾಗನ ಆ ಕಡೆಯವರು ಬ್ಲಫ್ ಅಂತಾರೆ. ಅಜ್ಜಿ ಊರು ಅಲ್ಲಿಂದ ದೂರ ಏನಿಲ್ಲ. ರೀಲ್ ಪೂರ್ತಿ ನೋಡಿ ಫೋನ್ ನನ್ನ ಕೈಗೆ ಕೊಟ್ಟು ಹೇಳಿದ್ರು: "ತಂತಿ ನಮ್ ಹೊಲದ್ ಮ್ಯಾಲೇ ಹೋಗಿತ್ತು ಕನ ಮಗ. ನಮ್ಮನೇಲಿ ಬುಡ್ಡಿ ದೀಪನೇ. ನಿಮ್ಮಪ್ಪ ಮೂರ್ನೇ ಕ್ಲಾಸಲ್ಲಿದ್ದಾಗ ನಮ್ಗೆ ಕರೆಂಟ್ ಬಂದಿದ್ದು."

ಲೆಕ್ಕ ಹಾಕ್ದೆ. ಬ್ಲಫ್‌ನಲ್ಲಿ ಟರ್ಬೈನ್ ತಿರುಗೋಕೆ ಶುರುವಾಗಿ 70 ವರ್ಷ ದಾಟಿದ ಮೇಲೆ ಅಜ್ಜಿ ಮನೇಲಿ ಬಲ್ಬ್ ಹತ್ತಿದೆ. ಅಷ್ಟು ಹತ್ತಿರದಲ್ಲಿ ಕರೆಂಟ್ ಹುಟ್ಟುತ್ತಿದ್ದಾಗ ಅದು ಹೋಗ್ತಿದ್ದದ್ದು ಎಲ್ಲಿಗೆ? ಈ ಸರಣಿ ಪೂರ್ತಿ ಆ ಒಂದು ಪ್ರಶ್ನೆಯ ಬಗ್ಗೆ. ನಿಧಾನವಾಗಿ ಓದಿ, ಬೇಕಾದ್ರೆ ಸೇವ್ ಮಾಡ್ಕೊಳ್ಳಿ.

2/7

ಮೊದಲು ನಾನು ಹರಡಿದ ತಪ್ಪನ್ನ ನಾನೇ ಸರಿ ಮಾಡ್ತೀನಿ.

ಬೆಂಗಳೂರಲ್ಲಿ ವಿದ್ಯುತ್ ದೀಪ ಹತ್ತಿದ್ದು 1905ರ ಆಗಸ್ಟ್ 5ರಂದು. ಆದ್ರೆ ಜಪಾನಿನ ಕ್ಯೋಟೋದಲ್ಲಿ ಕೆಯಾಗೆ ಜಲವಿದ್ಯುತ್ ಕೇಂದ್ರ 1891ರಲ್ಲೇ ಶುರುವಾಗಿತ್ತು. ನಮ್ಮ ದೇಶದಲ್ಲೇ ನೋಡಿದ್ರೂ ಡಾರ್ಜಿಲಿಂಗ್ ಹತ್ತಿರದ ಸಿದ್ರಾಪಾಂಗ್‌ನಲ್ಲಿ 1897ರಲ್ಲಿ ಸಣ್ಣ ಜಲವಿದ್ಯುತ್ ಕೇಂದ್ರ ಬಂತು. ಕೋಲ್ಕತ್ತಾದಲ್ಲಿ 1899ರಲ್ಲಿ ಉಗಿ ಯಂತ್ರದಿಂದ ವಿದ್ಯುತ್ ಪೂರೈಕೆ ಆರಂಭವಾಯ್ತು. ಹಾಗಾಗಿ "ಏಷ್ಯಾದಲ್ಲೇ ಮೊದಲು" ಅನ್ನೋ ಮಾತು ನಿಲ್ಲಲ್ಲ.

ಬೇಜಾರಾಗ್ಬೇಡಿ. ಅದಕ್ಕಿಂತ ದೊಡ್ಡ ವಿಷಯ ಅದೇ ದಿನಾಂಕದ ಪಕ್ಕದಲ್ಲೇ ಇದೆ. ಶಿವನಸಮುದ್ರದ ವಿದ್ಯುತ್ ಕೇಂದ್ರ ಪೂರೈಕೆ ಶುರು ಮಾಡಿದ್ದು 1902ರ ಜೂನ್ 30ಕ್ಕೆ. ಬೆಂಗಳೂರಿಗೆ ದೀಪ ಬಂದಿದ್ದು 1905ಕ್ಕೆ. ಖುದ್ದು ಮಹಾರಾಜರಿದ್ದ ಮೈಸೂರಿಗೆ ಬಂದಿದ್ದು 1908ಕ್ಕೆ. ಮಧ್ಯದ ಮೂರು ವರ್ಷ ರಾಜಧಾನಿಗೂ ಇಲ್ಲ, ದೊಡ್ಡ ಊರಿಗೂ ಇಲ್ಲ ಅಂದ್ರೆ ಆ ಕರೆಂಟ್‌ನ ಗಿರಾಕಿ ಯಾರು?

3/7

ಗಿರಾಕಿ ಕೋಲಾರದ ಚಿನ್ನದ ಗಣಿ. ನೀವು ಸಿನಿಮಾದಲ್ಲಿ ನೋಡಿದ ಕೆಜಿಎಫ್ ಕಲ್ಪನೆ, ನಾನು ಹೇಳ್ತಿರೋದು ನಿಜವಾದ ಕೋಲಾರ್ ಗೋಲ್ಡ್ ಫೀಲ್ಡ್ಸ್.

1880ರಿಂದ ಅಲ್ಲಿ ಗಣಿ ನಡೆಸ್ತಿದ್ದದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಅದಿರು ಕುಟ್ಟೋಕೆ, ಭೂಮಿಯೊಳಗೆ ಗಾಳಿ ಒತ್ತೋಕೆ ಎಲ್ಲಾ ಉಗಿ ಯಂತ್ರಗಳೇ. ಉಗಿಗೆ ಸೌದೆ ಬೇಕು, ಕಲ್ಲಿದ್ದಲು ಬೇಕು. ಕಲ್ಲಿದ್ದಲು ದೂರದಿಂದ ರೈಲಲ್ಲಿ ಬರಬೇಕು. ಗಣಿ ಆಳಕ್ಕೆ ಹೋದಷ್ಟೂ ಈ ಖರ್ಚು ಏರುತ್ತೆ. ನಮ್ಮ ಕಾಸ್ಟ್ ಅಕೌಂಟಿಂಗ್ ಕ್ಲಾಸಿನ ಭಾಷೇಲಿ ಹೇಳೋದಾದ್ರೆ, ಒಂದು ಔನ್ಸ್ ಚಿನ್ನಕ್ಕೆ ತಗಲೋ ಇಂಧನದ ಖರ್ಚೇ ಅವರ ತಲೆನೋವು.

ಇನ್ನೊಂದು ಕಡೆ ಮೈಸೂರು ಸಂಸ್ಥಾನದ ದಿವಾನ್ ಕೆ. ಶೇಷಾದ್ರಿ ಅಯ್ಯರ್. ಅವರ ಹತ್ತಿರ ಸುಮಾರು 400 ಅಡಿ ಎತ್ತರದಿಂದ ಬೀಳಿಸಬಹುದಾದ ಕಾವೇರಿ ನೀರಿದೆ. ಕೇಂದ್ರ ಕಟ್ಟೋಕೆ ಸಂಸ್ಥಾನ ಬೊಕ್ಕಸದಿಂದ ದುಡ್ಡು ಹಾಕಬೇಕು. ಕಾಲುವೆ, ಪೈಪು, ಯಂತ್ರ, ಕಂಬ ಎಲ್ಲಾ ಫಿಕ್ಸೆಡ್ ಕಾಸ್ಟ್. ಒಂದು ಯೂನಿಟ್ ಮಾರಿದ್ರೂ ಅಷ್ಟೇ, ಲಕ್ಷ ಮಾರಿದ್ರೂ ಅಷ್ಟೇ.

ಈಗ ನೀವೇ ದಿವಾನರು ಅನ್ಕೊಳ್ಳಿ. ಆ ಕಾಲದ ಊರಿನವರಿಗೆ ಕರೆಂಟ್ ಅಂದ್ರೆ ದೀಪ ಮಾತ್ರ, ಸಂಜೆ ನಾಲ್ಕೈದು ಗಂಟೆ ಉರಿಸ್ತಾರೆ. ಉಳಿದ ಹೊತ್ತು ನಿಮ್ಮ ಯಂತ್ರ ಸುಮ್ನೆ ನಿಂತಿರುತ್ತೆ, ಹೊಳೆ ನೀರು ಸುಮ್ನೆ ಹರಿದುಹೋಗುತ್ತೆ. ಗಣಿ ಹಾಗಲ್ಲ. ಅದಿರು ಕುಟ್ಟೋ ಗಿರಣಿ ಹಗಲೂ ರಾತ್ರಿ ಓಡುತ್ತೆ, ವರ್ಷಗಟ್ಟಲೆ ಇಷ್ಟು ಕೊಳ್ತೀವಿ ಅಂತ ಒಪ್ಪಂದಕ್ಕೆ ಸಹಿ ಹಾಕುತ್ತೆ. ನೀವಾಗಿದ್ರೆ ಯಾರಿಗೆ ಮಾರ್ತಿದ್ರಿ? ನಾನೂ ಗಣಿಗೇ ಮಾರ್ತಿದ್ದೆ. ಇದನ್ನ ಒಪ್ಕೊಳ್ಳೋಕೆ ನಂಗೆ ಸ್ವಲ್ಪ ಕಷ್ಟ ಆಯ್ತು.

4/7

ಗಿರಾಕಿ ಸಿಕ್ಕಾಯ್ತು. ಆದ್ರೆ ಜಲಪಾತದಿಂದ ಗಣಿಗೆ ಸುಮಾರು 147 ಕಿ.ಮೀ. ದೂರ. ಅಮೆರಿಕದ ನಯಾಗರಾ ಜಲಪಾತದ ಕರೆಂಟ್ 1896ರಲ್ಲಿ ಬಫಲೋ ಊರಿಗೆ ಹೋದಾಗ ಇಡೀ ಜಗತ್ತು ಬೆರಗಾಗಿತ್ತು. ಅದರ ದೂರ ಸುಮಾರು 40 ಕಿ.ಮೀ. ಅಷ್ಟೇ.

ದೂರ ಯಾಕೆ ಸಮಸ್ಯೆ ಅಂತ ಸೈನ್ಸ್ ಬಿಟ್ಟು ಬಂದ ನನ್ನಂಥವರಿಗೆ ಸರಳವಾಗಿ ಹೇಳ್ತೀನಿ. ತಂತಿಯಲ್ಲಿ ಕರೆಂಟ್ ಹರಿದಾಗ ತಂತಿ ಬಿಸಿಯಾಗುತ್ತೆ. ಆ ಬಿಸಿಯೇ ನಷ್ಟ. ಕರೆಂಟ್ ಎರಡು ಪಟ್ಟಾದ್ರೆ ನಷ್ಟ ನಾಲ್ಕು ಪಟ್ಟು, ಮೂರು ಪಟ್ಟಾದ್ರೆ ಒಂಬತ್ತು ಪಟ್ಟು. ಆದ್ರೆ ಕಳಿಸಬೇಕಾದ ಒಟ್ಟು ಶಕ್ತಿ ಅಂದ್ರೆ ವೋಲ್ಟೇಜ್ ಮತ್ತು ಕರೆಂಟ್‌ನ ಗುಣಲಬ್ಧ. ವೋಲ್ಟೇಜ್ ನೂರು ಪಟ್ಟು ಏರಿಸಿದ್ರೆ, ಅಷ್ಟೇ ಶಕ್ತಿ ಕಳಿಸೋಕೆ ಕರೆಂಟ್ ನೂರರಲ್ಲಿ ಒಂದು ಭಾಗ ಸಾಕು. ಅದೇ ತಂತಿಯಲ್ಲಿ ನಷ್ಟ ಹತ್ತು ಸಾವಿರದಲ್ಲಿ ಒಂದು ಭಾಗಕ್ಕೆ ಇಳಿಯುತ್ತೆ.

ಅದಕ್ಕೇ ಎಸಿ, ಅಂದ್ರೆ ಪರ್ಯಾಯ ವಿದ್ಯುತ್. ಟ್ರಾನ್ಸ್‌ಫಾರ್ಮರ್ ಇಟ್ಟು ಕಳಿಸೋ ಕಡೆ ವೋಲ್ಟೇಜ್ ಏರಿಸ್ಬಹುದು, ತಗೊಳ್ಳೋ ಕಡೆ ಇಳಿಸ್ಬಹುದು. ಆಗಿನ ಡಿಸಿಯಲ್ಲಿ ಈ ಏರಿಳಿತ ಸುಲಭ ಇರಲಿಲ್ಲ. ಶಿವನಸಮುದ್ರದ ಲೈನ್ ಓಡಿದ್ದು 30,000ದಿಂದ 35,000 ವೋಲ್ಟ್‌ನಲ್ಲಿ. ಇದನ್ನೂ "ಜಗತ್ತಿನಲ್ಲೇ ಅತಿ ಉದ್ದದ ಲೈನ್" ಅಂತ ರೀಲ್ ಮಾಡ್ತಾರೆ. ಕ್ಯಾಲಿಫೋರ್ನಿಯಾದ ಕೋಲ್ಗೇಟ್ ಪವರ್‌ಹೌಸ್‌ನಿಂದ ಓಕ್‌ಲ್ಯಾಂಡ್‌ಗೆ 1901ರಲ್ಲೇ 220 ಕಿ.ಮೀ. ದಾಟಿದ ಲೈನ್ ಇತ್ತು. ಆದ್ರೂ ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನ್‌ಗಳಲ್ಲಿ ನಮ್ಮದೂ ಒಂದು. ಅಷ್ಟು ಸತ್ಯ ಸಾಕು, ಕಮ್ಮಿ ಏನಲ್ಲ.

5/7

ಇದನ್ನ ಕಟ್ಟಿಸಿದ ಇಂಜಿನಿಯರ್ ಹೆಸರು ಎ. ಜೆ. ಡಿ ಲಾಟ್‌ಬಿನಿಯೇರ್. ಕೆನಡಾ ಮೂಲದವರು, ಬ್ರಿಟಿಷ್ ಸೇನೆಯ ರಾಯಲ್ ಇಂಜಿನಿಯರ್ಸ್ ದಳದವರು, ಆಗ ಮೈಸೂರು ಸರ್ಕಾರದ ಕೆಲಸದಲ್ಲಿದ್ದರು. ಯುರೋಪ್, ಅಮೆರಿಕ ಸುತ್ತಿ ಅಲ್ಲಿನ ಕೇಂದ್ರಗಳನ್ನ ನೋಡಿ ಬಂದ್ರು. ವಿದ್ಯುತ್ ಯಂತ್ರಗಳ ಕೆಲಸ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ, ಟರ್ಬೈನ್ ಕೆಲಸ ಸ್ವಿಟ್ಜರ್‌ಲೆಂಡ್‌ನ ಎಷರ್ ವೀಸ್ ಕಂಪನಿಗೆ ಹೋಯ್ತು. ಯಂತ್ರಗಳು ಹಡಗಲ್ಲಿ ಸಮುದ್ರ ದಾಟಿ, ರೈಲಲ್ಲಿ ಮೈಸೂರು ಸೀಮೆಗೆ ಬಂದು, ಕೊನೇ ಹಾದಿಯನ್ನ ಎತ್ತಿನ ಗಾಡಿ, ಆನೆಗಳ ಬಲದಲ್ಲಿ ಮುಗಿಸಿದ್ವು. ಶುರುವಿನಲ್ಲಿ ಆರು ಜನರೇಟರ್, ಒಂದೊಂದು 720 ಕಿಲೋವಾಟ್. ಎಲ್ಲಾ ಸೇರಿದ್ರೆ ನಾಲ್ಕು ಮೆಗಾವಾಟ್ ಚಿಲ್ಲರೆ.

ಶೇಷಾದ್ರಿ ಅಯ್ಯರ್ ಇದನ್ನ ನೋಡಲಿಲ್ಲ. ಆರೋಗ್ಯ ಕೆಟ್ಟು 1901ರಲ್ಲಿ ಹುದ್ದೆ ಬಿಟ್ಟರು, ಅದೇ ಸೆಪ್ಟೆಂಬರ್‌ನಲ್ಲಿ ತೀರಿಹೋದ್ರು. ಟರ್ಬೈನ್ ತಿರುಗೋಕೆ ಇನ್ನೂ ಒಂಬತ್ತು ತಿಂಗಳು ಬಾಕಿ ಇತ್ತು.

ಒಂದು ಸಣ್ಣ ವಿವರ ನನ್ನ ತಲೇಲಿ ಕೂತುಬಿಟ್ಟಿದೆ. ಈಗ ನಮ್ಮ ಮನೆ ಕರೆಂಟ್ ಸೆಕೆಂಡಿಗೆ 50 ಆವರ್ತನ. ಶಿವನಸಮುದ್ರದ್ದು 25. ಆ ಕಾಲದ ದೊಡ್ಡ ಮೋಟಾರ್‌ಗಳಿಗೆ 25 ಚೆನ್ನಾಗಿ ಹೊಂದುತ್ತಿತ್ತು. ಬಲ್ಬಿಗೆ ಅಷ್ಟು ಹೊಂದಲ್ಲ, ಕಣ್ಣಿಗೆ ಬೆಳಕು ಮಿಣಮಿಣ ಅನ್ನಿಸುತ್ತೆ. ಅಂದ್ರೆ ಯಂತ್ರದ ತಿರುಗಾಟದ ಲೆಕ್ಕದಲ್ಲೇ ಮೊದಲ ಗಿರಾಕಿ ಯಾರು ಅಂತ ಬರೆದಿತ್ತು. ಓದೋಕೆ ದೀಪ ಬೇಕಾದವರು ಆ ಲೆಕ್ಕದಲ್ಲಿ ಆಮೇಲೆ ಬಂದವರು.

6/7

ಕಥೆ ಇಲ್ಲಿಗೆ ಮುಗಿಯಲ್ಲ. ಬೇಸಿಗೇಲಿ ಕಾವೇರಿ ಸೊರಗುತ್ತೆ. ಗಣಿಗೆ ಬೇಸಿಗೆ, ಮಳೆಗಾಲ ಎರಡೂ ಒಂದೇ. ಕರೆಂಟ್ ನಿಂತ್ರೆ ಕೆಲಸ ನಿಂತ ಹಾಗೆ. ಒಪ್ಪಂದ ಉಳಿಸ್ಕೊಳ್ಳೋಕೆ ವರ್ಷವಿಡೀ ಸಮನಾಗಿ ನೀರು ಬಿಡೋ ಒಂದು ದೊಡ್ಡ ಕೆರೆ ಬೇಕಾಯ್ತು, ಜಲಪಾತಕ್ಕಿಂತ ಮೇಲೆ.

ಆ ಕೆರೆ ಯಾವುದು ಗೊತ್ತಾ? ಕನ್ನಂಬಾಡಿ ಕಟ್ಟೆ. ನಮ್ಮ ಕೆಆರ್‌ಎಸ್.

ಎಂ. ವಿಶ್ವೇಶ್ವರಯ್ಯ ಮುಖ್ಯ ಇಂಜಿನಿಯರ್ ಆಗಿದ್ದಾಗ, 1911ರಲ್ಲಿ ಕೆಲಸ ಶುರುವಾಯ್ತು. ನೀರಾವರಿಯೂ ಉದ್ದೇಶವೇ. ಇವತ್ತು ಮಂಡ್ಯ ಅಂದ್ರೆ ಕಬ್ಬು, ಭತ್ತ ಅಂತ ನಾವು ಹೇಳೋದು ಆ ನೀರಿನಿಂದಲೇ. ಆದ್ರೆ ಶಿವನಸಮುದ್ರಕ್ಕೆ ಬತ್ತದ ಹರಿವು ಕೊಡೋದು, ಅಲ್ಲಿಂದ ಗಣಿಗೆ ನಿಲ್ಲದ ಕರೆಂಟ್ ಕೊಡೋದು ಅದರ ಶುರುವಿನ ಕಾರಣಗಳಲ್ಲಿ ದೊಡ್ಡದು. ನೀರು ತುಂಬಿದಾಗ ಹಳೇ ಕನ್ನಂಬಾಡಿ ಊರು ಮುಳುಗಿತು. ಕೆಳಗಿನ ಮದ್ರಾಸ್ ಪ್ರಾಂತ್ಯಕ್ಕೂ ನಮಗೂ ಅಣೆಕಟ್ಟಿನ ಬಗ್ಗೆ ಜಗಳ ಬೆಳೆದು 1924ರ ಒಪ್ಪಂದಕ್ಕೆ ಬಂತು. ಪ್ರತಿ ಬೇಸಿಗೇಲಿ ನ್ಯೂಸ್‌ನಲ್ಲಿ ಕೇಳ್ತೀವಲ್ಲ ಕಾವೇರಿ ವಿವಾದ, ಅದರ ಹಳೇ ಕಡತದ ಒಂದು ಪುಟದಲ್ಲಿ ಕೋಲಾರದ ಗಣಿಯೂ ಇದೆ.

ಇನ್ನು ಗಣಿಯೊಳಗೆ ಇಳಿದವರು? ಹೆಚ್ಚಿನವರು ಮದ್ರಾಸ್ ಪ್ರಾಂತ್ಯದ ಆರ್ಕಾಟ್ ಕಡೆಯಿಂದ ಬಂದ ತಮಿಳು ಕೂಲಿಗಳು. ಬಿದಿರು ತಟ್ಟಿ ಗೋಡೆಯ ಗುಡಿಸಲ ಸಾಲುಗಳಲ್ಲಿ ಇದ್ದವರು. ಕಾವೇರಿ ಶಕ್ತಿ 147 ಕಿ.ಮೀ. ದಾಟಿ ಅವರ ತಲೆ ಮೇಲಿನ ಗಿರಣಿ ಓಡಿಸ್ತು. ಚಿನ್ನದ ಲಾಭಾಂಶ ಲಂಡನ್ನಿನ ಷೇರುದಾರರಿಗೆ, ರಾಯಲ್ಟಿ ಮೈಸೂರಿನ ಬೊಕ್ಕಸಕ್ಕೆ ಹೋಯ್ತು.

7/7

ಹಾಗಂತ ಶೇಷಾದ್ರಿ ಅಯ್ಯರ್ ತಪ್ಪು ಮಾಡಿದ್ರು ಅಂತ ನಾನು ಹೇಳ್ತಿಲ್ಲ. ಗಣಿಯಂಥ ಗಿರಾಕಿ ಇಲ್ಲದಿದ್ರೆ ಅಷ್ಟು ದುಡ್ಡು ಹಾಕೋ ಧೈರ್ಯ ಯಾವ ದಿವಾನರಿಗೂ ಬರ್ತಿರಲಿಲ್ಲ. ಗಣಿಗೆ ಕಟ್ಟಿದ ಕೇಂದ್ರ ಇದ್ದಿದ್ದಕ್ಕೇ ಬೆಂಗಳೂರಿಗೆ ದೀಪ ಅಷ್ಟು ಬೇಗ ಬಂತು. ಇದು ಜಮಾ ಕಡೆ.

ಆದ್ರೆ ಬ್ಯಾಲೆನ್ಸ್ ಶೀಟ್‌ಗೆ ಎರಡು ಕಡೆ ಇರುತ್ತೆ ಅಂತ ನಮಗೆ ಮೊದಲ ಸೆಮಿಸ್ಟರ್‌ನಲ್ಲೇ ಹೇಳಿಕೊಟ್ಟಿದ್ದಾರೆ. ನಾನು ಹಂಚಿದ ರೀಲ್‌ನಲ್ಲಿ ಒಂದೇ ಕಡೆ ಇತ್ತು. ತಂತಿ ಯಾರ ಹೊಲದ ಮೇಲೆ ಹೋಯ್ತೋ ಅವರು ಅದರಲ್ಲಿ ಇರಲಿಲ್ಲ. ಅಜ್ಜಿ 70 ವರ್ಷದ ಹಿಂದಿನ ಆ ಬುಡ್ಡಿ ದೀಪದ ಗಾಜನ್ನ ಇವತ್ತಿಗೂ ಅಟ್ಟದ ಮೇಲೆ ಇಟ್ಟಿದ್ದಾರೆ. ಕೊನೇ ಫೋಟೋದಲ್ಲಿ ಇರೋದು ಅದೇ. ಮಸಿ ಹಿಡಿದಿದೆ, ಒರೆಸೋಕೆ ಹೋದ್ರೆ ಬೇಡ ಅಂತಾರೆ.

ಕೋಲಾರದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಯಾರಿಗೋಸ್ಕರ ಕಟ್ಟಿದ್ರೋ ಆ ಗಿರಾಕಿ ಹೋದ್ರೂ ಶಿವನಸಮುದ್ರ ಇನ್ನೂ ಕರೆಂಟ್ ಕೊಡ್ತಿದೆ.

ಇನ್ಮೇಲೆ ಹೊಸದು ಏನೇ ಬರಲಿ, ಮೆಟ್ರೋ ಬರಲಿ, ಡೇಟಾ ಸೆಂಟರ್ ಬರಲಿ, "ನಾವೇ ಮೊದಲಾ?" ಅಂತ ಕೇಳೋಕೆ ಮುಂಚೆ "ಮೊದಲು ಯಾರಿಗೆ? ಕೊನೆಗೆ ಯಾರಿಗೆ?" ಅಂತ ಕೇಳೋಣ. ನಾನಂತೂ ಕೇಳ್ತೀನಿ.

ನಿಮಗೆ ಒಂದು ಕೆಲಸ. ಇವತ್ತು ರಾತ್ರಿ ಊಟ ಮಾಡುವಾಗ ಮನೇಲಿರೋ ಹಿರಿಯರನ್ನ ಕೇಳಿ: ನಮ್ಮ ಮನೆಗೆ ಕರೆಂಟ್ ಬಂದಿದ್ದು ಯಾವ ವರ್ಷ? ವರ್ಷ ನೆನಪಿಲ್ಲ ಅಂದ್ರೆ ಯಾರು ಹುಟ್ಟಿದಾಗ, ಯಾರ ಮದುವೇಲಿ ಅಂತ ಕೇಳಿ, ಆಗ ಖಂಡಿತ ಹೇಳ್ತಾರೆ. ಊರು, ವರ್ಷ ಎರಡೂ ಕಾಮೆಂಟ್‌ನಲ್ಲಿ ಬರೀರಿ. ಎಲ್ಲಾ ಸೇರಿಸಿ ಒಂದು ನಕ್ಷೆ ಮಾಡ್ತೀನಿ. ಮುಂದಿನ ಪೋಸ್ಟ್ ಅದೇ.

#ಶಿವನಸಮುದ್ರ #ಕೋಲಾರ #ಕನ್ನಂಬಾಡಿ #ಕರೆಂಟ್‌ಕಥೆ