ತಡವಾಗಿ ಏರಿದ ಬಾವುಟ

ಕ್ರಿಕೆಟ್ಟಿನ ಅಂಪೈರು ಆಟದ ನಡುವೆಯೇ ನಿಂತಿರುತ್ತಾನೆ. ಬೌಲರು ಕೂಗುತ್ತಾನೆ, ಅಂಪೈರು ಬೆರಳೆತ್ತುತ್ತಾನೆ, ಇಲ್ಲವೆ ತಲೆಯಾಡಿಸುತ್ತಾನೆ, ಆಟ ಮುಂದುವರಿಯುತ್ತದೆ. ತೀರ್ಪು ಸರಿಯೋ ತಪ್ಪೋ, ಅಂತೂ ಆ ಗಳಿಗೆಯಲ್ಲೇ ಬಂದುಬಿಡುತ್ತದೆ. ಎಲ್ಲ ಆಟಗಳಿಗೂ ಈ ಅನುಕೂಲವಿಲ್ಲ. ಹಾಯಿದೋಣಿಗಳ ಪಂದ್ಯ ನೂರು ವರ್ಷಕ್ಕೂ ಮಿಕ್ಕಿ ಅಂಪೈರನಿಲ್ಲದೆಯೇ ನಡೆದುಬಂದ ಆಟ. ತೆರೆದ ಕಡಲಿನ ಮೇಲೆ ಎರಡು ದೋಣಿಗಳು. ಯಾರು ಯಾರಿಗೆ ಅಡ್ಡ ಬಂದರು ಎಂಬುದಕ್ಕೆ ಆ ಇಬ್ಬರೇ ಸಾಕ್ಷಿಗಳು, ಆ ಇಬ್ಬರೇ ವಾದಿ ಪ್ರತಿವಾದಿಗಳು. ಅನ್ಯಾಯವಾಯಿತೆಂದು ಬಗೆದವನು ತನ್ನ ದೋಣಿಯಲ್ಲಿ ತಕರಾರಿನ ಬಾವುಟವೊಂದನ್ನು ಏರಿಸಬೇಕು. ದಡಕ್ಕೆ ಬಂದ ಮೇಲೆ ಸಮಿತಿಯೊಂದು ಕುಳಿತು ವಿಚಾರಿಸಬೇಕು. ಆ ಬಾವುಟದ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಹೇಳಬಯಸುತ್ತೇನೆ. ತೀರ್ಪು ಸರಿಯಾಗಿದ್ದರಷ್ಟೇ ಸಾಲದು, ಹೊತ್ತಿಗೆ ಸರಿಯಾಗಿ ಬರಬೇಕು, ಹೊರಗಿನವರ ಕೈಯಿಂದ ಬರಬೇಕು ಎಂಬ ಮಾತನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವ ಆಟದ ಚರಿತ್ರೆ ನನಗೆ ಇನ್ನೊಂದು ಕಂಡಿಲ್ಲ.

ಮೊದಲು ನಿಯಮದ ಮಾತು. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಸಾಗಲಾರದು. ಗಾಳಿ ಬರುವ ಕಡೆಗೆ ಹೋಗಬೇಕಾದರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಹಾಯುತ್ತ ಅಂಕುಡೊಂಕಾಗಿ ಏರಬೇಕು. ಇಬ್ಬರು ಹೀಗೆ ಹೊರಟರೆ ಅವರ ದಾರಿಗಳು ಮತ್ತೆ ಮತ್ತೆ ಕತ್ತರಿಸುವುದು ಅನಿವಾರ್ಯ. ಆದ್ದರಿಂದ ದಾರಿಯ ಹಕ್ಕು ಯಾರದೆಂದು ಗೊತ್ತುಮಾಡದೆ ವಿಧಿಯಿಲ್ಲ. ಇಂದಿನ ನಿಯಮದ ತಿರುಳು ಮೂರು ಮಾತಿನಲ್ಲಿ ಮುಗಿಯುತ್ತದೆ. ಒಬ್ಬನಿಗೆ ಗಾಳಿ ಬಲಮಗ್ಗುಲಿಂದ, ಇನ್ನೊಬ್ಬನಿಗೆ ಎಡಮಗ್ಗುಲಿಂದ ಬೀಸುತ್ತಿದ್ದರೆ ಎಡಮಗ್ಗುಲಿನವನು ದಾರಿ ಬಿಡಬೇಕು. ಇಬ್ಬರಿಗೂ ಒಂದೇ ಮಗ್ಗುಲಿಂದ ಬೀಸುತ್ತಿದ್ದು, ಅಕ್ಕಪಕ್ಕದಲ್ಲಿ ಸಾಗುತ್ತಿದ್ದರೆ ಗಾಳಿ ಬರುವ ಕಡೆ ಇರುವವನು ಮರೆಯ ಕಡೆಯವನಿಗೆ ದಾರಿ ಬಿಡಬೇಕು. ಒಬ್ಬನ ಹಿಂದೆ ಒಬ್ಬನಿದ್ದರೆ ಹಿಂದಿನವನು ಮುಂದಿನವನಿಂದ ದೂರವಿರಬೇಕು.

ಹತ್ತಾರು ದೋಣಿಗಳ ಪಂದ್ಯದಲ್ಲಿ ಇವು ಅಪಘಾತವನ್ನು ತಪ್ಪಿಸುವ ನಿಯಮಗಳು. ಆದರೆ ಒಂದಕ್ಕೆ ಒಂದರಂತೆ ಎರಡೇ ದೋಣಿಗಳು ಸೆಣಸುವ ಜೋಡಿ ಪಂದ್ಯದಲ್ಲಿ ಇವೇ ಆಯುಧಗಳಾಗುತ್ತವೆ. ಅಲ್ಲಿ ಎಲ್ಲರಿಗಿಂತ ವೇಗವಾಗಿ ಹೋಗಬೇಕಾಗಿಲ್ಲ. ಎದುರಾಳಿಗಿಂತ ಒಂದು ಗೇಣು ಮುಂದಿದ್ದರೆ ಸಾಕು. ಅವನನ್ನು ತಪ್ಪಿಗೆ ಸಿಕ್ಕಿಸಿದರಂತೂ ಕೆಲಸ ಅರ್ಧ ಮುಗಿದಂತೆ. ಚದುರಂಗದಲ್ಲಿ ರಾಜನನ್ನು ಮೂಲೆಗೆ ಅಟ್ಟುವ ಹಾಗೆ, ದಾರಿಯ ಹಕ್ಕುಳ್ಳವನು ಹಕ್ಕಿಲ್ಲದವನನ್ನು ಅಟ್ಟಿಕೊಂಡು ಹೋಗುತ್ತಾನೆ. ಹೀಗಿರುವಾಗ ತಪ್ಪು ಯಾರದೆಂದು ಹೇಳುವವನೇ ಪಂದ್ಯದ ಸೋಲು ಗೆಲುವನ್ನು ಕೈಯಲ್ಲಿ ಹಿಡಿದವನಾಗುತ್ತಾನೆ.

ಜೋಡಿ ಪಂದ್ಯಗಳಲ್ಲಿ ಅತಿ ಪ್ರಸಿದ್ಧವಾದುದು ಅಮೆರಿಕಾಸ್ ಕಪ್. 1851ರಲ್ಲಿ 'ಅಮೆರಿಕ' ಎಂಬ ಹಡಗು ಇಂಗ್ಲೆಂಡಿನ ವೈಟ್ ದ್ವೀಪವನ್ನು ಸುತ್ತಿ ಗೆದ್ದುತಂದ ಬೆಳ್ಳಿಯ ಪಾತ್ರೆ ಅದು. ಅದು ನ್ಯೂಯಾರ್ಕ್ ಯಾಟ್ ಕ್ಲಬ್ಬಿನ ವಶಕ್ಕೆ ಬಂತು. 1983ರಲ್ಲಿ ಆಸ್ಟ್ರೇಲಿಯದವರು ಗೆಲ್ಲುವ ತನಕ, ಮೊದಲ ಗೆಲುವಿನಿಂದ 132 ವರ್ಷ, ಅಮೆರಿಕದವರ ಕೈಬಿಟ್ಟು ಹೋಗಲಿಲ್ಲ. ಅಷ್ಟು ಕಾಲ ಸವಾಲು ಹಾಕಿದವರೆಲ್ಲ ಆ ಕ್ಲಬ್ಬಿನ ನೀರಿಗೇ ಬರಬೇಕು, ಅದರಲ್ಲಿ ಬಹುಪಾಲು ಕಾಲ ಆ ಕ್ಲಬ್ಬು ನೇಮಿಸಿದ ಸಮಿತಿಯ ಮುಂದೆಯೇ ದೂರು ಹೇಳಿಕೊಳ್ಳಬೇಕು. ಮನೆಯ ಯಜಮಾನನೇ ಪಗಡೆಗೆ ಕುಳಿತು, ಅವನ ತಮ್ಮನೇ ದಾಳದ ಲೆಕ್ಕ ಹೇಳುವಂತಹ ಏರ್ಪಾಡು. ತಮ್ಮ ಪ್ರಾಮಾಣಿಕನೇ ಇರಬಹುದು. ಆದರೂ ಸೋತ ಅತಿಥಿಗೆ ನಂಬಿಕೆ ಬರುವುದು ಕಷ್ಟ.

1895ರಲ್ಲಿ ಇದರ ಮೊದಲ ದೊಡ್ಡ ಪ್ರಸಂಗ ನಡೆಯಿತು. ಡನ್‌ರೇವನ್ ಪ್ರಭುಗಳ 'ವಾಲ್ಕಿರಿ 3' ಮತ್ತು ಅಮೆರಿಕದ 'ಡಿಫೆಂಡರ್' ಎರಡನೆಯ ಓಟಕ್ಕೆ ಅಣಿಯಾಗುತ್ತಿದ್ದಾಗ ವಾಲ್ಕಿರಿಯ ಹಾಯಿಯ ಅಡ್ಡಮರದ ತುದಿ ಡಿಫೆಂಡರಿನ ಕೂವೆಮರವನ್ನು ಬಿಗಿದಿದ್ದ ಹಗ್ಗಕ್ಕೆ ತಗುಲಿತು. ಡಿಫೆಂಡರಿನವರು ತಕರಾರಿನ ಬಾವುಟವನ್ನು ಏರಿಸಿ, ಕುಂಟುತ್ತಲೇ ಓಟವನ್ನು ಮುಗಿಸಿದರು. ಓಟವನ್ನು ವಾಲ್ಕಿರಿ ಗೆದ್ದಿತು. ಸಮಿತಿ ಅದನ್ನು ಅನರ್ಹಗೊಳಿಸಿತು. ಮೂರನೆಯ ಓಟದಲ್ಲಿ ಡನ್‌ರೇವನ್ ಪ್ರಾರಂಭದ ಗೆರೆಯನ್ನು ದಾಟಿದವರೇ ಹಿಂದಿರುಗಿಬಿಟ್ಟರು. ಅಷ್ಟಕ್ಕೇ ನಿಲ್ಲದೆ, ಎದುರಾಳಿಗಳು ದೋಣಿಗೆ ಗುಟ್ಟಾಗಿ ಭಾರ ತುಂಬಿದ್ದರೆಂದು ಆಪಾದನೆಯನ್ನೂ ಹೊರಿಸಿದರು. ಅದರ ವಿಚಾರಣೆಗೆ ಕುಳಿತವರಲ್ಲಿ ಬ್ಯಾಂಕರ್ ಜೆ. ಪಿ. ಮಾರ್ಗನ್, ನೌಕಾಬಲದ ಚರಿತ್ರಕಾರ ಕ್ಯಾಪ್ಟನ್ ಮಹಾನ್ ಇಬ್ಬರೂ ಇದ್ದರು. ಆಪಾದನೆಗೆ ಆಧಾರವಿಲ್ಲವೆಂದಾಯಿತು, 1896ರಲ್ಲಿ ಕ್ಲಬ್ಬು ಡನ್‌ರೇವನ್ನರ ಗೌರವ ಸದಸ್ಯತ್ವವನ್ನು ಕಿತ್ತುಹಾಕಿತು. ಡಿಫೆಂಡರಿನ ಒಡೆಯರಲ್ಲಿ ಒಬ್ಬರು ವಿಲಿಯಂ ವ್ಯಾಂಡರ್ಬಿಲ್ಟ್. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಅವರ ಮಗ ಹೆರಾಲ್ಡ್ ವ್ಯಾಂಡರ್ಬಿಲ್ಟ್ 1934ರಲ್ಲಿ 'ರೇನ್‌ಬೋ' ಎಂಬ ದೋಣಿಯ ಚುಕ್ಕಾಣಿ ಹಿಡಿದರು. ನಮ್ಮ ಕ್ಲಬ್ಬುಗಳಲ್ಲಿ ಬ್ರಿಜ್ ಆಡುವವರಿಗೆ ಈ ಮಹನೀಯರ ಋಣವಿದೆ. ಕಾಂಟ್ರಾಕ್ಟ್ ಬ್ರಿಜ್ಜಿಗೆ ಇಂದಿನ ರೂಪ ಕೊಟ್ಟವರು ಇವರೇ, 1925ರಲ್ಲಿ. ಎದುರಾಳಿ ಟಾಮಸ್ ಸಾಪ್‌ವಿತ್, ಮೊದಲನೆಯ ಮಹಾಯುದ್ಧದ 'ಸಾಪ್‌ವಿತ್ ಕ್ಯಾಮೆಲ್' ವಿಮಾನದಿಂದ ಹೆಸರಾದವರು. ಅವರ ದೋಣಿ 'ಎಂಡೆವರ್'. ದೋಣಿಯೆಂದರೆ ಪುಟ್ಟದೆಂದು ತಿಳಿಯಬಾರದು: ಉದ್ದ ಸುಮಾರು 130 ಅಡಿ, ತೂಕ ನೂರು ಟನ್ನಿಗೂ ಮಿಕ್ಕಿ, ಕೂವೆಮರ ಒಂದು ದೊಡ್ಡ ದೇವಸ್ಥಾನದ ಗೋಪುರದಷ್ಟು ಎತ್ತರ. ಅಂಥವೆರಡು ಡಿಕ್ಕಿ ಹೊಡೆದರೆ ಹೋಗುವುದು ಪಂದ್ಯವಲ್ಲ, ಪ್ರಾಣ. ಇಂಗ್ಲೆಂಡಿನಿಂದ ಹೊರಡುವ ಮುನ್ನ ಸಾಪ್‌ವಿತ್ತರ ಸಂಬಳದ ನಾವಿಕರು ಹೆಚ್ಚಿನ ಕೂಲಿಗಾಗಿ ಮುಷ್ಕರ ಹೂಡಿದ್ದರು. ಅವರ ಬದಲು ಹವ್ಯಾಸಿಗಳನ್ನು ಸೇರಿಸಿಕೊಂಡು ಬಂದಿದ್ದರು. ಹಾಗಿದ್ದೂ ಮೊದಲ ಎರಡು ಓಟಗಳನ್ನು ಎಂಡೆವರ್ ಗೆದ್ದಿತು. ಮೂರನೆಯದು ರೇನ್‌ಬೋ ಪಾಲಾಯಿತು.

ನಾಲ್ಕನೆಯ ಓಟ. ಮೊದಲ ಗುರುತನ್ನು ಸುತ್ತಿದ ಮೇಲೆ ರೇನ್‌ಬೋ ಗಾಳಿಯ ಕಡೆಯಿಂದ ಎಂಡೆವರನ್ನು ದಾಟಲು ನೋಡಿತು. ಹಾಗೆ ದಾಟಲು ಬಂದವನನ್ನು ತಡೆಯಲು ಮರೆಯ ಕಡೆಯವನು ತನ್ನ ದೋಣಿಯನ್ನು ಗಾಳಿಯ ಕಡೆಗೆ ತಿರುಗಿಸಬಹುದು, ಮೇಲಿನವನು ಸರಿದುಕೊಳ್ಳಬೇಕು. ಸಾಪ್‌ವಿತ್ ತಿರುಗಿಸಿದರು. ರೇನ್‌ಬೋ ಸರಿಯಲಿಲ್ಲ. ಇನ್ನು ಕೆಲವು ಕ್ಷಣ ಹಾಗೆಯೇ ಹಿಡಿದಿದ್ದರೆ ಎಂಡೆವರಿನ ಮೂತಿ ರೇನ್‌ಬೋವಿನ ಪಕ್ಕೆಗೆ ನಾಟುತ್ತಿತ್ತು. ಸಾಪ್‌ವಿತ್ ಚುಕ್ಕಾಣಿಯನ್ನು ತಿರುಗಿಸಿಕೊಂಡು ಡಿಕ್ಕಿಯನ್ನು ತಪ್ಪಿಸಿದರು. ರೇನ್‌ಬೋ ಮುಂದೆ ಹೋಯಿತು, ಗೆದ್ದಿತು.

ತಕರಾರಿನ ಬಾವುಟವನ್ನು ಸಾಪ್‌ವಿತ್ ಆ ಕ್ಷಣದಲ್ಲಿ ಏರಿಸಲಿಲ್ಲ. ಓಟ ಮುಗಿಯುವ ಹೊತ್ತಿಗೆ, ಸಮಿತಿಯ ಹಡಗನ್ನು ಸಮೀಪಿಸಿದಾಗ ಏರಿಸಿದರು. ಇಂಗ್ಲೆಂಡಿನ ರೂಢಿ ಹಾಗಿತ್ತು: ಬಾವುಟವನ್ನು ನೋಡಬೇಕಾದವರು ಸಮಿತಿಯವರಲ್ಲವೇ, ಅವರ ಕಣ್ಣಿಗೆ ಬೀಳುವಲ್ಲಿ ಏರಿಸಿದರಾಯಿತು. ಅಮೆರಿಕದ ನಿಯಮ ಬೇರೆ: ತಪ್ಪು ನಡೆದ ಕೂಡಲೆ ಏರಬೇಕು, ಎದುರಾಳಿಗೂ ತನ್ನ ಮೇಲೆ ದೂರಿದೆಯೆಂದು ತಿಳಿಯಬೇಕು. ಬಾವುಟ ತಡವಾಯಿತೆಂದು ಹೇಳಿ ಸಮಿತಿ ದೂರನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಮುಂದಿನ ಓಟಗಳನ್ನೂ ರೇನ್‌ಬೋ ಗೆದ್ದು, ಕಪ್ಪು ನಾಲ್ಕಕ್ಕೆ ಎರಡರಂತೆ ನ್ಯೂಯಾರ್ಕಿನಲ್ಲೇ ಉಳಿಯಿತು. ಬ್ರಿಟಾನಿಯ ಅಲೆಗಳನ್ನು ಆಳಿದರೆ ಅಮೆರಿಕ ನಿಯಮಗಳನ್ನು ಗಾಳಿಗೆ ತೂರುತ್ತದೆ ಎಂಬ ಅರ್ಥದ ಇಂಗ್ಲಿಷ್ ಶ್ಲೇಷೆಯೊಂದು ಆಗ ಎಲ್ಲರ ಬಾಯಲ್ಲೂ ಓಡಾಡಿತು.

ನಿಷ್ಪಕ್ಷವಾಗಿ ನೋಡಿದರೆ ಸಮಿತಿಯವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಗಂಟೆಗಟ್ಟಲೆ ಸುಮ್ಮನಿದ್ದು, ಸೋಲು ಖಚಿತವಾದ ಮೇಲೆ ದೂರುವುದಕ್ಕೆ ಎಡೆಗೊಟ್ಟರೆ ಪ್ರತಿಯೊಬ್ಬ ಸೋತವನ ಕೈಯಲ್ಲೂ ಒಂದು ಬಾವುಟವಿರುತ್ತದೆ. ಆದರೆ ಇನ್ನೊಂದು ಮುಖವೂ ಉಂಟು. ಸಾಪ್‌ವಿತ್ ತಮ್ಮ ಹಕ್ಕನ್ನು ಕೊನೆಯ ತನಕ ಚಲಾಯಿಸಿ ಡಿಕ್ಕಿ ಹೊಡೆದಿದ್ದರೆ ಮುರಿದ ಮರವೇ ಸಾಕ್ಷಿ ಹೇಳುತ್ತಿತ್ತು. ಅನಾಹುತವನ್ನು ತಪ್ಪಿಸಿದ್ದರಿಂದಲೇ ಸಾಕ್ಷಿ ಇಲ್ಲದೆ ಹೋಯಿತು. ಎಂಡೆವರ್ ಆ ಕೋನದಲ್ಲಿ ತಿರುಗಿದ್ದು ನಿಯಮಕ್ಕೆ ಒಪ್ಪುತ್ತಿತ್ತೇ, ರೇನ್‌ಬೋ ಸರಿಯದಿದ್ದುದು ತಪ್ಪೇ ಎಂಬ ಮೂಲ ಪ್ರಶ್ನೆಯನ್ನು ಅಂದು ಯಾರೂ ಕೇಳಲೇ ಇಲ್ಲ. ಸೋಲಿಗಿಂತ ಹೆಚ್ಚಾಗಿ ಸುಡುವುದು ಇದು. ದೂರು ಸುಳ್ಳೆಂದು ತೀರ್ಮಾನವಾದರೆ ಮನುಷ್ಯ ಹೇಗೋ ಸಹಿಸಿಕೊಳ್ಳುತ್ತಾನೆ. ಬಾಗಿಲನ್ನೇ ತೆರೆಯದಿದ್ದರೆ ಅದು ಮನಸ್ಸಿನಲ್ಲಿ ಉಳಿಯುತ್ತದೆ.

ಇದರ ಮುಂದಿನ ಭಾಗ ಸೊಗಸಾದದ್ದು. ಗೆದ್ದ ವ್ಯಾಂಡರ್ಬಿಲ್ಟರೇ ನಿಯಮಗಳನ್ನು ತಿದ್ದಲು ಕುಳಿತರು. ಹಳೆಯ ನಿಯಮಗಳು ಸರಕು ಹಡಗುಗಳ ಕಾಲದವು. ಗಾಳಿ ಯಾವ ಮಗ್ಗುಲು ಎಂಬುದರ ಜೊತೆಗೆ ದೋಣಿ ಗಾಳಿಗೆ ಎಷ್ಟು ಎದುರಾಗಿ ಸಾಗುತ್ತಿದೆ ಎಂಬುದನ್ನೂ ನೋಡಿ ಹಕ್ಕನ್ನು ಹಂಚುತ್ತಿದ್ದವು. ವ್ಯಾಂಡರ್ಬಿಲ್ಟರು ಗಾಳಿಯ ಮಗ್ಗುಲನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು ಎಲ್ಲವನ್ನೂ ಹೊಸದಾಗಿ ಹೆಣೆದರು. ಇಸ್ಪೀಟಿನ ಲೆಕ್ಕದಲ್ಲಿ ಪಳಗಿದ ಬುದ್ಧಿ ಇಲ್ಲಿಯೂ ದುಡಿಯಿತು. 1940ರ ದಶಕದ ಕೊನೆಗೆ ಅಮೆರಿಕದವರೂ, 1960ರ ಸುಮಾರಿಗೆ ಅಂತರರಾಷ್ಟ್ರೀಯ ಸಂಸ್ಥೆಯೂ ಆ ಪದ್ಧತಿಯನ್ನು ಅಂಗೀಕರಿಸಿದುವು. ಮೇಲೆ ಹೇಳಿದ ಮೂರು ಮಾತಿನ ತಿರುಳು ಅವರ ಏರ್ಪಾಡಿನಿಂದ ಬಂದದ್ದು.

ನಿಯಮ ಸ್ಪಷ್ಟವಾಯಿತು, ಇನ್ನು ಜಗಳವೇ ಇಲ್ಲವೆಂದು ಯಾರಾದರೂ ನಂಬಿದ್ದರೆ 1970 ಆ ನಂಬಿಕೆಯನ್ನು ಮುರಿಯಿತು. ಆ ವರ್ಷದ ಜುಲೈ 4ರಂದು ವ್ಯಾಂಡರ್ಬಿಲ್ಟರು ನ್ಯೂಪೋರ್ಟಿನಲ್ಲಿ ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಅದೇ ನ್ಯೂಪೋರ್ಟಿನ ಕಡಲಿನಲ್ಲಿ ಆಸ್ಟ್ರೇಲಿಯದ 'ಗ್ರೆಟೆಲ್ 2' ಮತ್ತು ಅಮೆರಿಕದ 'ಇಂಟ್ರೆಪಿಡ್' ಪ್ರಾರಂಭದ ಗೆರೆಯಲ್ಲೇ ಡಿಕ್ಕಿ ಹೊಡೆದವು. ಮರೆಯ ಕಡೆ ಇದ್ದ ಗ್ರೆಟೆಲ್ಲಿಗೆ ತೋಪು ಹಾರುವ ತನಕ ಎದುರಾಳಿಯನ್ನು ಒತ್ತುವ ಹಕ್ಕಿತ್ತು. ಹಾರಿದ ಮೇಲೆ ಅಷ್ಟು ಮೇಲಕ್ಕೆ ತಿರುಗಿ ಜಾಗವನ್ನು ಮುಚ್ಚುವಂತಿರಲಿಲ್ಲ. ಡಿಕ್ಕಿಯಾದದ್ದು ತೋಪು ಹಾರಿದ ಕೆಲವೇ ಸೆಕೆಂಡುಗಳ ಮೇಲೆ. ಎರಡೂ ಕಡೆ ಬಾವುಟಗಳು ಏರಿದುವು. ಗ್ರೆಟೆಲ್ 1 ನಿಮಿಷ 7 ಸೆಕೆಂಡುಗಳಿಂದ ಗೆದ್ದಿತು. ಮರುದಿನ ಸಮಿತಿ ಆ ಗೆಲುವನ್ನು ಕಿತ್ತುಕೊಂಡಿತು. ತೀರ್ಪು ನಿಯಮಕ್ಕೆ ಸರಿಯಾಗಿತ್ತೆಂದು ಬಲ್ಲವರು ಅನೇಕರು ಒಪ್ಪುತ್ತಾರೆ. ಆದರೆ ಅದನ್ನು ಕೊಟ್ಟವರು ಪ್ರತಿಪಕ್ಷದ ಕ್ಲಬ್ಬಿನ ಸಮಿತಿಯವರು. ಆಸ್ಟ್ರೇಲಿಯದ ಕಡೆಯ ಯಜಮಾನರಾದ ಸರ್ ಫ್ರಾಂಕ್ ಪ್ಯಾಕರ್, ಈ ಕ್ಲಬ್ಬಿಗೆ ದೂರು ಕೊಡುವುದೂ ಒಂದೇ, ಹೆಂಡತಿಯ ಮೇಲೆ ಅವಳ ತಾಯಿಗೆ ದೂರು ಹೇಳುವುದೂ ಒಂದೇ ಎಂದರು. ನಗೆಯ ಮಾತಾದರೂ ಗುರಿ ತಪ್ಪಿದ ಮಾತಲ್ಲ. 1934ರಲ್ಲಿ ಕಾಲದ ತೊಡಕು, 1970ರಲ್ಲಿ ಪೀಠದ ತೊಡಕು. ಬಾವುಟ ಹೊತ್ತಿಗೆ ಸರಿಯಾಗಿ ಏರಿತ್ತು, ನಿಯಮವೂ ತಿಳಿಯಾಗಿತ್ತು. ಆದರೂ ನಂಬಿಕೆ ಹುಟ್ಟಲಿಲ್ಲ.

ಈ ಕಹಿಯ ಫಲವಾಗಿ ಮುಂದಿನ ಪಂದ್ಯಗಳಲ್ಲಿ ತೀರ್ಪು ಹೊರದೇಶಗಳವರೂ ಇರುವ ಮಂಡಲಿಗೆ ಹೋಯಿತು. 1980ರ ದಶಕದ ಕೊನೆಗೆ ಇನ್ನೊಂದು ಹೆಜ್ಜೆ: ನ್ಯಾಯಾಧೀಶರೇ ಕಡಲಿಗೆ ಇಳಿದರು. ಜೋಡಿ ಪಂದ್ಯದ ಹಿಂದೆಯೇ ಮೋಟಾರು ದೋಣಿಯಲ್ಲಿ ಇಬ್ಬರು ಅಂಪೈರುಗಳು. ಅವರು ಕೆಲಸ ಮಾಡುವ ರೀತಿ ನನಗೆ ಬಹಳ ಮೆಚ್ಚುಗೆಯಾಗಿದೆ. ಒಬ್ಬರು ಹಳದಿ ದೋಣಿಯಾಗುತ್ತಾರೆ, ಇನ್ನೊಬ್ಬರು ನೀಲಿ ದೋಣಿ. "ನನಗೆ ಗಾಳಿ ಬಲದಿಂದ, ಹಕ್ಕು ನನ್ನದು" ಎಂದು ಒಬ್ಬರು. "ಹೌದು, ನಾನು ದೂರ ಸರಿಯುತ್ತಿದ್ದೇನೆ" ಎಂದು ಇನ್ನೊಬ್ಬರು. ತಾಳಮದ್ದಳೆಯ ಅರ್ಥಧಾರಿಗಳು ಕೃಷ್ಣನಾಗಿ ಕೌರವನಾಗಿ ವಾದಿಸುವ ಹಾಗೆ ಓಟದ ಉದ್ದಕ್ಕೂ ಮಾತು ನಡೆಯುತ್ತಿರುತ್ತದೆ. ಹೀಗಾಗಿ ತಕರಾರಿನ ಕೆಂಪು ಹಳದಿ ಪಟ್ಟೆಯ ಬಾವುಟ ಏರುವ ಹೊತ್ತಿಗೆ ಎರಡೂ ಕಡೆಯ ವಾದ ಮುಗಿದೇ ಇರುತ್ತದೆ. ಹಸಿರು ಬಿಳಿಯ ಬಾವುಟ ತೋರಿಸಿದರೆ ದಂಡವಿಲ್ಲ. ಹಳದಿಯನ್ನೋ ನೀಲಿಯನ್ನೋ ತೋರಿಸಿದರೆ ಆ ಬಣ್ಣದ ದೋಣಿ ಒಂದು ಸುತ್ತು ತಿರುಗಿ ದಂಡ ತೆರಬೇಕು. ಸಂದೇಹ ಬಂದಲ್ಲಿ ಒಂದು ಸೂತ್ರವಿದೆ: ಕೊನೆಯ ಸಲ ಖಚಿತವಾಗಿ ಕಂಡ ಸ್ಥಿತಿ ಬದಲಾಗಿದೆಯೆಂದು ಖಚಿತವಾಗುವ ತನಕ ಅದು ಬದಲಾಗಿಲ್ಲವೆಂದೇ ಎಣಿಸಬೇಕು. ನಮ್ಮ ದಿನನಿತ್ಯದ ತೀರ್ಮಾನಗಳಿಗೂ ಇದು ಒದಗಬಹುದಾದ ಸೂತ್ರ.

ಇದಕ್ಕೆ ತೆತ್ತ ಬೆಲೆಯೂ ಇದೆ. ಅಂಪೈರು ನೀರಿನ ಮೇಲೆ ಕೊಟ್ಟ ತೀರ್ಪಿಗೆ ಮೇಲ್ಮನವಿಯಿಲ್ಲ. ತಪ್ಪಿದರೂ ತಪ್ಪಿದ್ದೇ. ದಡದಲ್ಲಿ ಕುಳಿತು ಸಾಕ್ಷಿಗಳನ್ನು ಕರೆಸಿ, ನಕ್ಷೆಯ ಮೇಲೆ ಪುಟ್ಟ ದೋಣಿಗಳನ್ನು ಸರಿಸಿ ನೋಡುವ ಹಳೆಯ ವಿಚಾರಣೆಗೆ ಅದರದೇ ಆದ ಸಾವಧಾನವಿತ್ತು. ಅದು ಜೋಡಿ ಪಂದ್ಯದಿಂದ ಬಹುಮಟ್ಟಿಗೆ ಹೋಯಿತು. ಈಚಿನ ಕಪ್ ಪಂದ್ಯಗಳಲ್ಲಿ ಅಂಪೈರುಗಳು ದಡದ ಕೋಣೆಯಲ್ಲಿ ಕುಳಿತು, ದೋಣಿಗಳ ಜಾಗವನ್ನು ಅತಿ ಸೂಕ್ಷ್ಮವಾಗಿ ಅಳೆಯುವ ಯಂತ್ರಗಳ ಪರದೆಯನ್ನು ನೋಡಿ ತೀರ್ಪು ಕೊಡುತ್ತಾರೆ. ಕಣ್ಣು ತಪ್ಪುವ ಸಂದರ್ಭ ಕಡಿಮೆಯಾಗಿದೆ. ಆದರೂ ಯಾರ ಅಳತೆಯನ್ನು, ಯಾವ ನಿಯಮದಡಿ, ಯಾರು ಓದುತ್ತಾರೆ ಎಂಬ ಪ್ರಶ್ನೆ ಯಂತ್ರ ಬಂದರೂ ಹೋಗುವುದಿಲ್ಲ.

ಸಾಪ್‌ವಿತ್ 1937ರಲ್ಲಿ ಮತ್ತೊಮ್ಮೆ ಸವಾಲು ಹಾಕಿ ವ್ಯಾಂಡರ್ಬಿಲ್ಟರ 'ರೇಂಜರ್' ಎದುರು ನಾಲ್ಕಕ್ಕೆ ಸೊನ್ನೆಯಂತೆ ಸೋತರು. ಆ ಸೋಲಿನ ಬಗ್ಗೆ ಯಾವ ತಕರಾರೂ ಇರಲಿಲ್ಲ. ಅವರು ದೀರ್ಘಾಯುಷಿ, 1989ರಲ್ಲಿ, 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದಾಗಿ ಮೂರು ವರ್ಷಕ್ಕೆ, 1992ರಲ್ಲಿ, ಸ್ಯಾನ್ ಡಿಯಾಗೋದಲ್ಲಿ ನಡೆದ ಕಪ್ ಪಂದ್ಯದಲ್ಲಿ ಅಂಪೈರುಗಳ ದೋಣಿ ಸ್ಪರ್ಧಿಗಳ ಬೆನ್ನ ಹಿಂದೆಯೇ ಸಾಗಿತು. ಅಂದು ಯಾರಾದರೂ ಎಂಡೆವರಿನಂತೆ ಡಿಕ್ಕಿಯನ್ನು ತಪ್ಪಿಸಲು ಚುಕ್ಕಾಣಿ ತಿರುಗಿಸಿ ಬಾವುಟವನ್ನು ಏರಿಸಿದ್ದರೆ ಉತ್ತರಕ್ಕಾಗಿ ದಡದ ತನಕ ಕಾಯಬೇಕಾಗಿರಲಿಲ್ಲ. ಆ ಉತ್ತರ ಹೌದೆಂದೇ ಇರುತ್ತಿತ್ತೆಂದು ನಾನು ಹೇಳಲಾರೆ. ಕೇಳಿದ್ದಕ್ಕೆ ಉತ್ತರವಂತೂ ಸಿಗುತ್ತಿತ್ತು.