ಕಾವೇರಿಯನ್ನು ಹುಚ್ಚಿ ಅಂದವರು ಯಾರು?

ಸುಬ್ರಹ್ಮಣ್ಯಪುರದಲ್ಲಿ ನಾವು ಬಾಡಿಗೆಗಿದ್ದ ವಠಾರದಲ್ಲಿ ಟಿವಿ ಇದ್ದದ್ದು ಒಂದೇ ಮನೇಲಿ. ಭಾನುವಾರ ಸಂಜೆ ದೂರದರ್ಶನದ ಕನ್ನಡ ಸಿನಿಮಾಕ್ಕೆ ಎಲ್ಲರೂ ಅಲ್ಲೇ. 'ಶರಪಂಜರ' ಬಂದ ದಿನ ಹೆಂಗಸರೆಲ್ಲ ಸೆರಗಲ್ಲಿ ಕಣ್ಣೊರೆಸಿಕೊಂಡಿದ್ದು ನೆನಪಿದೆ.

ಇನ್ನೊಂದು ನೆನಪೂ ಇದೆ. ನಮ್ಮ ಬೀದಿಯ ಒಬ್ಬ ಆಂಟಿಗೆ ಬಾಣಂತಿ ಸನ್ನಿ ಆಗಿ, ಆಸ್ಪತ್ರೆ ಸೇರಿ, ವಾಸಿಯಾಗಿ ಬಂದಿದ್ದರು. ಅವತ್ತು ಅವರೂ ಬಂದು ಬಾಗಿಲ ಹತ್ತಿರ ಕೂತಿದ್ದರು. ಪರದೆ ಮೇಲಿನ ಕಾವೇರಿಗಾಗಿ ಅಷ್ಟೊಂದು ಅತ್ತವರಲ್ಲಿ ಒಬ್ಬರೂ ಅವರ ಪಕ್ಕಕ್ಕೆ ಜರುಗಿ ಕೂರಲಿಲ್ಲ. ನಾನೂ ಅಷ್ಟೇ.

ಈಗ ಮತ್ತೆ ಆ ಸಿನಿಮಾ ನೋಡಿದೆ. ಜೊತೆಗೆ ಸಿನಿಮಾಗೂ ಮನಃಶಾಸ್ತ್ರಕ್ಕೂ ಗಂಟು ಹಾಕಿದ ಕೆಲವು ಲೇಖನಗಳನ್ನೂ ಓದಿದ್ದೆ. ಅವೆರಡೂ ಸೇರಿ ತಲೆ ತಿನ್ನುತ್ತಿವೆ. ಅದಕ್ಕೇ ಈ ಬರಹ..

ಕಥೆ ನಿಮಗೆ ಗೊತ್ತೇ ಇದೆ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, 1972. ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರಿಂದ ಈ ಚಿತ್ರ ನೋಡಲಿಲ್ಲ. ಎರಡನೇ ಹೆರಿಗೆಯ ನಂತರ ಕಾವೇರಿಗೆ (ಕಲ್ಪನಾ) ಬುದ್ಧಿ ಕಲಕುತ್ತೆ. ಮದುವೆಗೆ ಮುಂಚೆ ನಡೆದು, ಯಾರಿಗೂ ಹೇಳಲಾಗದೆ ಒಳಗೇ ಅದುಮಿಟ್ಟಿದ್ದ ಸಂಗತಿ ಆಗ ಬಾಯಿಗೆ ಬಂದುಬಿಡುತ್ತೆ. ಅದುಮಿಟ್ಟದ್ದು ಬೇರೆ ದಾರಿ ಹಿಡಿದು ವಾಪಸ್ ಬರುತ್ತೆ ಅಂತ ಫ್ರಾಯ್ಡ್ ಹೇಳಿದ್ದು ಇದನ್ನೇ. ಆದರೆ ಸಿನಿಮಾ ಇಲ್ಲಿಗೆ ನಿಲ್ಲಲ್ಲ. ಕಾವೇರಿ ಆಸ್ಪತ್ರೆಯಲ್ಲಿ ಪೂರ್ತಿ ವಾಸಿಯಾಗ್ತಾಳೆ. ನಿಜವಾದ ಕಥೆ ಶುರುವಾಗೋದು ಅವಳು ಮನೆಗೆ ಬಂದಮೇಲೆ.

ಫ್ರೆಂಚ್ ಚಿಂತಕ ಅಲ್ತೂಸರ್ 1970ರ ಒಂದು ಪ್ರಬಂಧದಲ್ಲಿ ಒಂದು ಉದಾಹರಣೆ ಕೊಡ್ತಾನೆ. ಬೀದೀಲಿ ಪೊಲೀಸ್ "ಏಯ್, ಯಾರಲ್ಲಿ!" ಅಂತ ಕೂಗ್ತಾನೆ. ನಾವು ತಿರುಗಿ ನೋಡ್ತೀವಿ. ತಿರುಗಿದ ಕ್ಷಣವೇ ಅವನು ಕರೆದವರು ನಾವೇ ಆಗಿಬಿಡ್ತೀವಿ. ಸಿದ್ಧಾಂತ ಅನ್ನೋದು ಲಾಠಿಯಿಂದಲ್ಲ, ಹೀಗೆ ಕರೆದು ಕರೆದೇ ಕೆಲಸ ಮಾಡುತ್ತೆ, ಶಾಲೆ ಮನೆಗಳಲ್ಲೂ ಮಾಡುತ್ತೆ ಅನ್ನೋದು ಅವನ ವಾದ. ಕಾವೇರಿಗೆ ಆಗೋದೂ ಇದೇ ಅಲ್ವಾ? ಗಂಡ ದೂರ ಸರೀತಾನೆ, ಅಕ್ಕಪಕ್ಕದವರು ಗುಸುಗುಸು ಅಂತಾರೆ, ಅವಳು ಏನು ಮಾಡಿದರೂ ಅನುಮಾನ. ಎಲ್ಲರೂ ಒಂದೇ ಹೆಸರಲ್ಲಿ ಕರೀತಾರೆ. ಅವಳು ತಿರುಗಿ ನೋಡದೆ ಎಷ್ಟು ದಿನ ಇದ್ದಾಳು? ಗಂಡನಿಗೆ ಸಹೋದ್ಯೋಗಿಯ ಜೊತೆ ಸಂಬಂಧ ಇದೆ ಅಂತ ಗೊತ್ತಾದ ದಿನ ತಿರುಗಿಬಿಡ್ತಾಳೆ. ಮತ್ತೆ ಆಸ್ಪತ್ರೆಗೆ. ಹೆಂಡತಿಯ ಹಳೆಯದನ್ನು ಕ್ಷಮಿಸದ ಗಂಡನ ಇಂದಿನದನ್ನು ಯಾರೂ ರೋಗ ಅನ್ನಲ್ಲ!

ಇನ್ನೊಂದು ವಿಷಯ. ಸಿನಿಮಾದಲ್ಲಿ ಹೆಣ್ಣು ಇರೋದು ನೋಡಿಸಿಕೊಳ್ಳೋಕೆ, ಕ್ಯಾಮೆರಾ, ನಾಯಕ, ಪ್ರೇಕ್ಷಕ ಮೂವರ ಕಣ್ಣೂ ಅಲ್ಲಿ ಒಂದಾಗುತ್ತೆ ಅಂತ ಲಾರಾ ಮಲ್ವಿ ಬ್ರಿಟನ್ನಿನ 'ಸ್ಕ್ರೀನ್' ಪತ್ರಿಕೆಯಲ್ಲಿ ಬರೆದದ್ದು 1975ರಲ್ಲಿ, ಅಂದರೆ ನಮ್ಮ ಶರಪಂಜರ ಬಂದು ಮೂರು ವರ್ಷಕ್ಕೆ. ಚಿತ್ರದ ಮೊದಲ ಭಾಗ ಅವರ ಮಾತಿಗೆ ತಕ್ಕ ಹಾಗೇ ಇದೆ. ಕಲ್ಪನಾ ಸೀರೆ, ಕಲ್ಪನಾ ಬಳೆ, ಹಾಡು, ಕೊಡಗು.. ನಾವು ಕಣ್ತುಂಬ ನೋಡ್ತೀವಿ. ಎರಡನೇ ಭಾಗದಲ್ಲಿ ಅದೇ ನೋಟ ಬಾಣವಾಗುತ್ತೆ. ಈಗ ನಾವು ಕಾವೇರಿಯನ್ನು ನೋಡ್ತಿಲ್ಲ, ಅವಳನ್ನು ನೋಡೋರನ್ನು ನೋಡ್ತಿದೀವಿ. ಶರಪಂಜರ ಅಂದರೆ ಬಾಣಗಳ ಪಂಜರ. ಆ ಬಾಣಗಳಲ್ಲಿ ನಮ್ಮದೂ ಒಂದು ಅನ್ನೋದು ನನಗೆ ಹೊಳೆದದ್ದು ಈ ಸಲ.

ಆಮೇಲೆ ಏನಾಯ್ತು? ಪುಟ್ಟಣ್ಣನವರೇ 1982ರ 'ಮಾನಸ ಸರೋವರ'ದಲ್ಲಿ ವಾಸಿ ಮಾಡಿದ ಡಾಕ್ಟರನ್ನೇ ಹುಚ್ಚನನ್ನಾಗಿಸಿದರು. 2004ಕ್ಕೆ 'ಆಪ್ತಮಿತ್ರ' ಬಂತು. ನಾನೂ ಶಿಳ್ಳೆ ಹೊಡೆದು ನೋಡಿದವನೇ, ಬೈತಿಲ್ಲ. ಆದರೆ ಅಲ್ಲಿ ಗಂಗಾಳ ಕಾಯಿಲೆಗೆ ಕಾರಣ ಎಂದೋ ಸತ್ತ ನಾಗವಲ್ಲಿ. ಗಂಡ ಒಳ್ಳೆಯವನು, ಮನೆ ಒಳ್ಳೆಯದು. ಡಾಕ್ಟರೂ ಆಚಾರ್ಯರೂ ಸೇರಿ ವಾಸಿ ಮಾಡಿ ಗಂಡನ ಕೈಗೆ ಒಪ್ಪಿಸ್ತಾರೆ, ಶುಭಂ. 1972ರಲ್ಲಿ ಆಸ್ಪತ್ರೆ ಗೆದ್ದು ಮನೆ ಸೋತಿತ್ತು. ಮೂವತ್ತೆರಡು ವರ್ಷದ ನಂತರ ಮನೆಯ ಮೇಲೆ ತಪ್ಪೇ ಇಲ್ಲ! ಎರಡರಲ್ಲಿ ಯಾವುದು ಮುಂದುವರಿದ ಸಿನಿಮಾ ನೀವೇ ಹೇಳಿ.

ಬಾಣಂತಿಯರಿಗೆ ಬರುವ ಈ ತೀವ್ರ ಕಾಯಿಲೆ ಸಾವಿರ ಹೆರಿಗೆಗೆ ಒಂದೆರಡು. ಚಿಕಿತ್ಸೆ ಸಿಕ್ಕರೆ ಬಹುತೇಕ ಎಲ್ಲರೂ ಚೇತರಿಸಿಕೊಳ್ತಾರೆ. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅಷ್ಟರಲ್ಲಿ ಆ ಆಂಟಿ ಮನೆ ಖಾಲಿ ಮಾಡಿಕೊಂಡು ಹೋಗಿದ್ದರು. ಅವತ್ತು ಸಿನಿಮಾ ಮುಗಿಯೋಕೆ ಮುಂಚೆಯೇ ಅವರು ಎದ್ದು ಹೋದರು. ಯಾಕೆ ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಕಾವೇರಿಗಾಗಿ ಅಳೋದ್ರಲ್ಲಿ ಮುಳುಗಿದ್ವಿ..